ಲೈಟ್ ಯಾಗಾಮಿಗೆ ಚಪ್ಪಾಳೆ ಯಾಕೆ?

ಮಾನ್ಯರೇ,

ಆನಿಮೆ, ಅಂದರೆ ಜಪಾನಿನ ಅನಿಮೇಷನ್, ಬರೀ ಮಕ್ಕಳ ಕಾರ್ಟೂನ್ ಎಂದು ಸುಮ್ನೆ ತಳ್ಳಿಹಾಕುವವರು ‘ಡೆತ್ ನೋಟ್’ ನೋಡಬೇಕು. 2006ರಲ್ಲಿ ಶುರುವಾದ 37 ಕಂತುಗಳ ಸರಣಿ. ಮುಖ ನೆನೆದು ಹೆಸರು ಬರೆದರೆ ಆ ಮನುಷ್ಯ ಸಾಯುವಂಥ ಒಂದು ನೋಟ್‌ಬುಕ್ ಲೈಟ್ ಯಾಗಾಮಿ ಎಂಬ ಜಾಣ ವಿದ್ಯಾರ್ಥಿಗೆ ಸಿಗುತ್ತದೆ. ಅಪರಾಧಿಗಳನ್ನೆಲ್ಲ ಮುಗಿಸಿ ಲೋಕ ಸರಿಮಾಡುತ್ತೇನೆ ಎಂದು ಹೊರಡುತ್ತಾನೆ.

ಅವನು ಕೆಡಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಎರಡನೇ ಕಂತಿನಲ್ಲೇ ಟಿವಿಯಲ್ಲಿ ಒಬ್ಬ ಕಾಣಿಸಿಕೊಂಡು, ಈ ಕೊಲೆಗಳು ತಪ್ಪು ಎನ್ನುತ್ತಾನೆ. ಅಷ್ಟಕ್ಕೇ ಅವನ ಹೆಸರೂ ನೋಟ್‌ಬುಕ್ ಸೇರುತ್ತದೆ. ಆಮೇಲೆ ತನಿಖೆಗೆ ಬಂದ 12 ಎಫ್‌ಬಿಐ ಅಧಿಕಾರಿಗಳು. ಅವರಲ್ಲೊಬ್ಬನನ್ನು ಮದುವೆಯಾಗಬೇಕಿದ್ದ ನವೋಮಿ. ಇವರಲ್ಲಿ ಯಾರು ಅಪರಾಧಿ? ಪ್ರಶ್ನೆ ಕೇಳಿದವರೇ ಅಪರಾಧಿ ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ ಹುಡುಗನ ನ್ಯಾಯ. ಆದರೂ ಅವನಿಗೆ ಅಭಿಮಾನಿಗಳು ಜಾಸ್ತಿ!

ಹಾಗಂತ ಈ ಕೊಲೆಗಾರನ ಬೆನ್ನು ಹತ್ತಿದ ಪತ್ತೇದಾರ ‘ಎಲ್’ ಕೂಡ ಸಾಚಾ ಅಲ್ಲ. ಎರಡನೇ ಕಂತಿನಲ್ಲಿ ಟಿವಿ ಮುಂದೆ ತನ್ನ ಬದಲು ಅವನು ಸಾಯಲು ಕೂರಿಸಿದ್ದು ಮರಣದಂಡನೆಗೆ ಗುರಿಯಾದ ಒಬ್ಬ ಕೈದಿಯನ್ನು. ಅನುಮಾನದ ಮೇಲೆ ಮೀಸಾ ಎಂಬ ಹುಡುಗಿಯನ್ನು ದಿನಗಟ್ಟಲೆ ಕೈಕಾಲು ಕಟ್ಟಿ ಕೂಡಿಹಾಕುತ್ತಾನೆ. ಇದನ್ನೆಲ್ಲ ಜಾಣತನ ಎಂದು ಮೆಚ್ಚಿ ಮುಂದೆ ಹೋಗುತ್ತೇವೆ ಅಲ್ವಾ? ನನಗೆ ಲೈಟ್‌ಗಿಂತ ಇದೇ ಹೆಚ್ಚು ಕಸಿವಿಸಿ ಮಾಡಿತು.

ಹಿಡಿಸಿದ್ದು ಲೈಟ್‌ನ ಅಪ್ಪ ಸೊಯಿಚಿರೊ. ಪೊಲೀಸ್ ಅಧಿಕಾರಿ. ಮಗನನ್ನು ಅನುಮಾನದ ಮೇಲೆ ಸೆರೆಯಲ್ಲಿಟ್ಟಾಗ, ನನ್ನನ್ನೂ ಒಳಗೆ ಹಾಕಿ ಎಂದು ತಾವೇ ಕೇಳಿ ಕಂಬಿಯ ಹಿಂದೆ ಕೂತವರು. ಅಭಿಮಾನಿಗಳ ಟೀ ಶರ್ಟ್‌ಗಳ ಮೇಲೆ ಅವರ ಮುಖವನ್ನು ನಾನಂತೂ ನೋಡಿಲ್ಲ.

– ಒಬ್ಬ ಓದುಗ, ಶಿವಮೊಗ್ಗ