ಉಬ್ಬಿದ ಗಾಯದ ಕಲೆಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಉಬ್ಬಿದ ಕಲೆಯ ಫೋಟೋ ಹಾಕಿ "ಇದು ಕೀಲಾಯ್ಡಾ?" ಎಂದು ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಈ ಸೂಚನೆ.

ಗಾಯವಾದಾಗ ಚರ್ಮದ ಫೈಬ್ರೋಬ್ಲಾಸ್ಟ್ ಕೋಶಗಳು ಕೊಲಾಜೆನ್ ಎಂಬ ನಾರು ತಯಾರಿಸುತ್ತವೆ. ಮುಂದಿನ ಎಷ್ಟೋ ತಿಂಗಳು ಹಳೆ ನಾರು ಕರಗಿ ಹೊಸದು ಕೂಡುತ್ತಾ ಕಲೆ ಮೆಲ್ಲಗೆ ಚಪ್ಪಟೆಯಾಗುತ್ತದೆ. ಕರಗುವುದಕ್ಕಿಂತ ಕೂಡುವುದೇ ಹೆಚ್ಚಾದರೆ ಉಬ್ಬು ಬರುತ್ತದೆ.

ಇಂಥ ಉಬ್ಬಿದ ಕಲೆಗಳಲ್ಲಿ ಮುಖ್ಯವಾಗಿ ಎರಡು ಬಗೆ: ಹೈಪರ್‌ಟ್ರೋಫಿಕ್ ಕಲೆ ಮತ್ತು ಕೀಲಾಯ್ಡ್. ಯಾವುದು ಎಂದು ತಿಳಿಯಲು ಮೊದಲು ಗಾಯದ ಅಂಚು ನೋಡಿ. ಹೈಪರ್‌ಟ್ರೋಫಿಕ್ ಕಲೆ ಎಷ್ಟೇ ಉಬ್ಬಿದರೂ ಗಾಯ ಇದ್ದಷ್ಟು ಜಾಗದಲ್ಲೇ ಇರುತ್ತದೆ, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಶುರುವಾಗುತ್ತದೆ, ಸುಟ್ಟ ಗಾಯದ ಮೇಲೆ ಅಥವಾ ಚರ್ಮ ಎಳೆಯುವ ಕೀಲುಗಳ ಹತ್ತಿರ ಜಾಸ್ತಿ, ಮತ್ತು ಎಷ್ಟೋ ಸಲ ಒಂದೆರಡು ವರ್ಷದಲ್ಲಿ ತಾನೇ ತಗ್ಗುತ್ತದೆ. ಕೀಲಾಯ್ಡ್ ಹಾಗಲ್ಲ. ಅದು ಅಂಚು ದಾಟಿ ಆರೋಗ್ಯವಾಗಿದ್ದ ಚರ್ಮಕ್ಕೂ ಹಬ್ಬುತ್ತದೆ, ಗಾಯ ಮಾಯ್ದು ತಿಂಗಳುಗಳಾದ ಮೇಲೂ ಏಳಬಹುದು, ತಾನಾಗಿ ಹೋಗುವುದು ತೀರಾ ಅಪರೂಪ. ಕಿವಿಯ ಹಾಲೆ, ಎದೆಯ ನಡುಭಾಗ, ಭುಜ ಇದರ ಮೆಚ್ಚಿನ ಜಾಗಗಳು. ಕಿವಿ ಚುಚ್ಚಿಸಿದ್ದು, ಒಂದು ಮೊಡವೆ ಕೂಡ ಸಾಕು. ಕಪ್ಪು ಮೈಬಣ್ಣದವರಲ್ಲಿ ಹೆಚ್ಚು, ಮನೆತನದಲ್ಲೂ ಬರುತ್ತದೆ. ಇದು ಕ್ಯಾನ್ಸರ್ ಅಲ್ಲ, ಅಂಟುವುದೂ ಇಲ್ಲ. ದಯವಿಟ್ಟು ಹೆದರಬೇಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಕೀಲಾಯ್ಡನ್ನು ಸುಮ್ನೆ ಕೊಯ್ಸಿ ಬಿಡಬೇಡಿ. ಬರೀ ಕೊಯ್ದರೆ ಬಹಳಷ್ಟು ಸಲ ಮರಳಿ ಬರುತ್ತದೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ. ಸ್ಟೀರಾಯ್ಡ್ ಇಂಜೆಕ್ಷನ್, ಸಿಲಿಕೋನ್ ಪಟ್ಟಿ, ಒತ್ತಡದ ಕಟ್ಟು ಇವುಗಳಲ್ಲಿ ಯಾವುದು ಸರಿ ಎಂದು ಚರ್ಮದ ಡಾಕ್ಟರನ್ನೇ ಕೇಳಿ. ಉಬ್ಬು ಬೇಗ ಬೇಗ ಬೆಳೆಯುತ್ತಿದ್ದರೆ, ಹುಣ್ಣಾಗಿ ರಕ್ತ ಬರುತ್ತಿದ್ದರೆ ಇಲ್ಲಿ ಫೋಟೋ ಹಾಕಿ ಕಾಯಬೇಡಿ, ನೇರ ತೋರಿಸಿ.