ಆ ಅಧ್ಯಾಯ ತೆಗೆಯಬೇಡ

ಪ್ರೀತಿಯ ತಂಗಿ,

ನಿನ್ನ ಕಾದಂಬರಿ ಓದಿದೆ. ಜೊತೆಗಿದ್ದ ಪತ್ರವನ್ನೂ ಓದಿದೆ. ಬಹುಮಾನ ಬರಲಿಲ್ಲ, ಯಾರೂ ನಿನ್ನ ಹೆಸರೆತ್ತುವುದಿಲ್ಲ ಅಂತ ಎಷ್ಟು ನೊಂದುಕೊಂಡಿದ್ದೀಯ! ಕಾಗುಣಿತ, ಪ್ರಕಾಶಕರು, ಇವನ್ನೆಲ್ಲ ಆಮೇಲೆ ನೋಡೋಣ. ನನಗೆ ಸಿಟ್ಟು ಬಂದದ್ದು ಒಂದೇ ಮಾತಿಗೆ. ಕೆರೆ ತೂಬಿನ ನೀರು ಯಾವ ಗದ್ದೆಗೆ ಯಾವ ಸರದಿಯಲ್ಲಿ ಹೋಗುತ್ತಿತ್ತು ಅನ್ನುವ ಅಧ್ಯಾಯ ಬೋರು ಅಂತ ಯಾರೋ ಅಂದರಂತೆ. ನೀನು ಅದನ್ನು ತೆಗೆದೇ ಬಿಡುತ್ತೀಯಂತೆ!

ಕೇಳು. 1906ರಲ್ಲಿ ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವ ಹಳೇ ಊರಿನ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅನ್ನುವ ಇಂಗ್ಲಿಷ್ ವಿದ್ವಾಂಸರಿಗೆ ಗ್ರೀಕ್ ಇತಿಹಾಸವೊಂದರ ಪಪೈರಸ್ (ಜೊಂಡಿನಿಂದ ಮಾಡಿದ ಹಳೇ ಕಾಗದ) ತುಂಡುಗಳು ಸಿಕ್ಕವು. ಒಂದು ಬದಿಯಲ್ಲಿ ಜಮೀನಿನ ಲೆಕ್ಕ. ಅದರ ಹಿಂಬದಿಗೆ ಕ್ರಿ.ಶ. 2ನೇ ಶತಮಾನದ ಸುಮಾರಿಗೆ ಯಾರೋ ಈ ಇತಿಹಾಸವನ್ನು ನಕಲು ಮಾಡಿದ್ದರು. ಮೂಲ ಬರೆದವನ ಹೆಸರಿಲ್ಲ. ಹಳೇ ಗ್ರೀಕ್ ಇತಿಹಾಸಕಾರರಲ್ಲಿ ಕ್ರಾಟಿಪ್ಪಸ್ ಅಂದರು, ಥಿಯೊಪಾಂಪಸ್ ಅಂದರು. ಇವತ್ತಿಗೂ ಒಮ್ಮತವಿಲ್ಲ.

ಈ ಮನುಷ್ಯ ಕ್ರಿ.ಪೂ. 395ರ ಜಗಳದ ಕಥೆ ಹೇಳುತ್ತಾ ನಡುವೆ ನಿಲ್ಲಿಸಿ, ಗ್ರೀಸಿನ ಬಿಯೋಷಿಯಾ ನಾಡಿನ ಆಡಳಿತ ಹೇಗೆ ನಡೆಯುತ್ತಿತ್ತು ಅಂತ ಸಾವಧಾನವಾಗಿ ವಿವರಿಸುತ್ತಾನೆ. ನಾಡು 11 ಭಾಗ. ಭಾಗಕ್ಕೊಬ್ಬ ಅಧಿಕಾರಿ, 60 ಸಭಾಸದರು, ಸುಮಾರು 1000 ಕಾಲಾಳು, 100 ಕುದುರೆ ಸವಾರರು. ಚಿಕ್ಕ ಊರುಗಳು ಮೂರು ಮೂರು ಸೇರಿ ಒಂದು ಭಾಗವಾಗಿ, ಸರದಿಯ ಮೇಲೆ ಅಧಿಕಾರಿಯನ್ನು ಕಳಿಸುತ್ತಿದ್ದವು. ಸರದಿ, ನೋಡಿದೆಯಾ? ಅದೇ ವರ್ಷಗಳ ಬಗ್ಗೆ ಬರೆದ ಗ್ರೀಕ್ ಇತಿಹಾಸಕಾರ ಕ್ಸೆನೊಫೋನ್ ದೊಡ್ಡ ಹೆಸರು. ಅವನು ಈ ವಿವರ ಕೊಡಲೇ ಇಲ್ಲ. ಇವತ್ತು ಆ ವ್ಯವಸ್ಥೆ ತಿಳಿಯಬೇಕಾದರೆ ವಿದ್ವಾಂಸರು ಈ ಹೆಸರಿಲ್ಲದವನ ಹತ್ತಿರವೇ ಬರಬೇಕು. ನನಗಂತೂ ಅವನ ಮೇಲೆ ಜಾಸ್ತಿ ಪ್ರೀತಿ.

ನನ್ನ ಮೊದಲ ಕಾದಂಬರಿಯಲ್ಲಿ ಆಲೆಮನೆಯ ಬೆಲ್ಲವನ್ನು ಯಾರಿಗೆ ಎಷ್ಟು ಹಂಚುತ್ತಿದ್ದರು ಅಂತ ಬರೆದಿದ್ದೆ. ಕಥೆ ನಿಂತುಹೋಗುತ್ತದೆ ಅಂತ ಸಂಪಾದಕರೊಬ್ಬರು ಆ ಪುಟಗಳನ್ನು ಕಿತ್ತರು. ಹಸ್ತಪ್ರತಿ ವಾಪಸ್ ಬರಲೇ ಇಲ್ಲ. ಲೆಕ್ಕ ಹೇಳಿದ ಹಿರಿಯರೂ ಈಗಿಲ್ಲ. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ಹೊಗಳಿಕೆ ಬರಲಿಲ್ಲ ಅಂತ ಅಳುವುದು ಸಾಕು ಮಾಡು, ಮಗಳೇ. ನಿನ್ನ ಆ ಅಧ್ಯಾಯ ಚೆನ್ನಾಗಿದೆ, ಆದರೆ ಪೂರ್ತಿ ಆಗಿಲ್ಲ. ಮಳೆ ಕೈಕೊಟ್ಟ ವರ್ಷ ಸರದಿ ಹೇಗೆ ಬದಲಾಗುತ್ತಿತ್ತು? ಕಡೇ ಗದ್ದೆಯವನಿಗೆ ಏನು ಸಿಗುತ್ತಿತ್ತು? ಊರಿನ ನೀರುಗಂಟಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ ಅಂತ ಬರೆದಿದ್ದೀಯ. ಈ ವಾರವೇ ಹೋಗಿ ಕೇಳಿಕೊಂಡು ಬಾ.

ನಿನ್ನ,
ಅಕ್ಕ