2147483647: ಭಾಗಿಸಿ ನೋಡುವವರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಈ ವಾರದ ಸಂಖ್ಯೆ 2,14,74,83,647, ಅಂದರೆ 2³¹ − 1. ಇದು ಅವಿಭಾಜ್ಯ ಎಂದು ಗಣಿತಜ್ಞ ಆಯ್ಲರ್ 1772ರಲ್ಲೇ ತೋರಿಸಿದ್ದರು. ಘಾತ 31 ಅವಿಭಾಜ್ಯ ಎಂದಷ್ಟೇ ಹೇಳಿ ಮುಗಿಸಬೇಡಿ. 11 ಕೂಡ ಅವಿಭಾಜ್ಯವೇ, ಆದರೆ 2¹¹ − 1 = 2047 = 23 × 89.

ಕೈಯಲ್ಲಿ ಪರೀಕ್ಷಿಸುವವರು 3, 7, 11 ಎಂದು ಸಾಲಾಗಿ ಹೋಗಬೇಕಿಲ್ಲ. ಇದಕ್ಕೆ ಅವಿಭಾಜ್ಯ ಭಾಜಕವಿದ್ದರೆ ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು. ಹಾಗಾಗಿ ಮೊದಲು ನೋಡಬೇಕಾದದ್ದು 311. ಭಾಗಿಸಿ, ಶೇಷ 35 ಉಳಿಯುತ್ತದೆ. ಮುಂದಿನದು ನೇರವಾಗಿ 1303! ನಡುವಿನ 497, 559, 1241 ಎಲ್ಲವೂ ಒಡೆಯುವ ಸಂಖ್ಯೆಗಳು (1241 = 17 × 73, ಇದರಲ್ಲಿ ಎಡವುವುದು ಸುಲಭ). 46340 ದಾಟಿದ ಮೇಲೆ ನಿಲ್ಲಿಸಿ, ಏಕೆಂದರೆ 46341ರ ವರ್ಗ 2147488281, ನಮ್ಮ ಸಂಖ್ಯೆಗಿಂತ ದೊಡ್ಡದು.

ಈ ಪರೀಕ್ಷೆಗೆ ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ದಯವಿಟ್ಟು ಗಮನಿಸಿ. 32 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಯುವ ಅತಿ ದೊಡ್ಡ ಬೆಲೆಯೇ ಈ ಸಂಖ್ಯೆ. ‘ಭಾಜಕ × ಭಾಜಕ <= ಸಂಖ್ಯೆ’ ಎಂಬ ಷರತ್ತು ಹಾಕಿದರೆ 46341ರ ವರ್ಗ ಅದರಲ್ಲಿ ಹಿಡಿಯದೆ −2147479015 ಆಗುತ್ತದೆ. ಷರತ್ತು ಎಂದಿಗೂ ಸುಳ್ಳಾಗುವುದಿಲ್ಲ. ಲೂಪ್ ಓಡುತ್ತಲೇ ಹೋಗಿ ಕೊನೆಗೆ ಸಂಖ್ಯೆಯನ್ನು ಅದರಿಂದಲೇ ಭಾಗಿಸಿ, ಶೇಷ 0 ಕಂಡು ‘ಅವಿಭಾಜ್ಯವಲ್ಲ’ ಎಂದು ತಪ್ಪು ಉತ್ತರ ಕೊಡುತ್ತದೆ. ಷರತ್ತನ್ನು ‘ಭಾಜಕ <= ಸಂಖ್ಯೆ / ಭಾಜಕ’ ಎಂದು ಬದಲಿಸಿದರೆ ಸಾಕು. 311 ಮತ್ತು 1303ರ ನಂತರ ಭಾಗಿಸಿ ನೋಡಬೇಕಾದ ಮೂರು ಸಂಖ್ಯೆಗಳನ್ನು ಹುಡುಕಿ, ಶೇಷದ ಸಮೇತ ಇಲ್ಲಿ ಹಾಕಿ.